ಕರೆದರೆ ಹೋಗು ತಮ್ಮಾ, ಬೇಡ ಅನ್ನಬೇಡ

ತಮ್ಮಾ,

ನಿನ್ನ ಪ್ರಶ್ನೆ ಓದಿದೆ. ಮಂಡ್ಯದಿಂದ ಜರ್ಮನಿಯ ಆಖೆನ್‌ಗೆ ಓದಲು ಬಂದು ಎರಡು ತಿಂಗಳಾಯಿತು ಅಂದಿದ್ದೀಯ. ಡಿಸೆಂಬರ್ ರಜೆಗೆ ಊರಿಗೆ ಹೋಗಿ ಬರಲಾ, ಇಲ್ಲೇ ಉಳಿದು ಕ್ರಿಸ್‌ಮಸ್ ಮಾರ್ಕೆಟ್ ಸುತ್ತಲಾ, ಚಳಿಗೆ ಏನು ಕೊಳ್ಳಲಿ, ಹಬ್ಬದ ದಿನ ಅಂಗಡಿ ತೆರೆದಿರುತ್ತಾ ಅಂತ ಕೇಳಿದ್ದೀಯ. ಕೊನೆಯಲ್ಲಿ ಇನ್ನೊಂದು ಸಾಲು ಇದೆ. ‘ಪಕ್ಕದ ರೂಮಿನ ಹುಡುಗ ಹಬ್ಬಕ್ಕೆ ಅವರ ಮನೆಗೆ ಕರೆದ. ಸುಮ್ನೆ ಅವರಿಗೆ ಯಾಕೆ ತೊಂದರೆ ಅಂತ ಬೇಡ ಅಂದೆ ಅಕ್ಕ.’ ಆ ಸಾಲು ಓದಿದ ಮೇಲೆ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸುಲಭದ್ದು ಮೊದಲು ಹೇಳಿಬಿಡುತ್ತೇನೆ. ಊರಿಗೆ ಈಗ ಹೋಗಬೇಡ. ಕ್ರಿಸ್‌ಮಸ್‌ಗೆ ನಿನಗೆ ಸಿಗುವುದು ಎರಡು ವಾರ. ಆ ದಿನಗಳಲ್ಲಿ ವಿಮಾನದ ಟಿಕೆಟ್ ಕೈ ಸುಡುತ್ತದೆ. ಫೆಬ್ರವರಿಯಲ್ಲಿ ಪಾಠ ಮುಗಿಯುತ್ತದೆ. ಆಮೇಲೆ ಪರೀಕ್ಷೆಗಳ ನಡುವೆ ಬಿಡುವು ನೋಡಿಕೊಂಡು ಹೋದರೆ ದುಡ್ಡೂ ಉಳಿಯುತ್ತದೆ, ಅಮ್ಮನ ಜೊತೆ ನಾಲ್ಕು ದಿನ ಜಾಸ್ತಿಯೂ ಇರಬಹುದು. ಧನುರ್ಮಾಸದ ಹುಗ್ಗಿ, ಸಂಕ್ರಾಂತಿಯ ಎಳ್ಳು ಬೆಲ್ಲ, ನಿಮ್ಮ ಕಡೆ ದನಗಳಿಗೆ ಕಿಚ್ಚು ಹಾಯಿಸುವುದು, ಎಲ್ಲ ತಪ್ಪಿಹೋಗುತ್ತದೆ. ಗೊತ್ತು. ನನಗೆ ಅದು 20 ವರ್ಷದಿಂದ ತಪ್ಪುತ್ತಿದೆ. ಅವರೆಕಾಯಿ ಸೊಗಡಿನ ನೆನಪಾದರೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಚಳಿಯ ವಿಷಯ. ನಮ್ಮ ಈ ರೈನ್ ನದಿಯ ಸೀಮೆಯಲ್ಲಿ ಹಿಮ ಬೀಳುವುದು ಕಡಿಮೆ. ಬೀಳುವುದು ಮಳೆ. ಹಾಗಾಗಿ ದಪ್ಪ ಸ್ವೆಟರ್‌ಗಿಂತ ನೀರು ಒಳಗೆ ಬಿಡದ ಶೂ ಮುಖ್ಯ. ನಾನು ಬರುವಾಗ ಮೈಸೂರಿನಲ್ಲಿ ಟಿಬೆಟ್‌ನವರ ಹತ್ತಿರ ಎರಡು ಸ್ವೆಟರ್ ಕೊಂಡು ತಂದಿದ್ದೆ. ಚೆನ್ನಾಗಿಯೇ ಇದ್ದವು, ಆದರೆ ಕಾಲು ಒದ್ದೆಯಾದರೆ ಸ್ವೆಟರ್ ಏನು ಮಾಡೀತು? ಒಂದು ಒಳ್ಳೆ ಶೂ, ಉಣ್ಣೆಯ ಕಾಲುಚೀಲ, ಒಳಗೆ ಹಾಕುವ ಥರ್ಮಲ್. ಅಷ್ಟು ಸಾಕು. ಚಳಿಗಿಂತ ಕತ್ತಲೆ ಕಷ್ಟ. ಬೆಳಗ್ಗೆ ಎಂಟೂವರೆಗೆ ಬೆಳಕು ಹರಿದರೆ ಸಂಜೆ ನಾಲ್ಕೂವರೆಗೆಲ್ಲ ಮುಳುಗುತ್ತದೆ. ಮಧ್ಯಾಹ್ನ ಬೆಳಕಿರುವಾಗ ಅರ್ಧ ಗಂಟೆಯಾದರೂ ಹೊರಗೆ ನಡೆದಾಡು. ರೂಮಿನಲ್ಲೇ ಕೂತುಬಿಡಬೇಡ.

ಮಾರ್ಕೆಟ್ ಯಾವುದು ಚೆನ್ನ ಅಂತ ಕೇಳಿದ್ದೀಯ. ನ್ಯೂರೆಂಬರ್ಗ್ ಹೆಸರುವಾಸಿ. ಡ್ರೆಸ್ಡೆನ್‌ದು 1434ರಿಂದ ನಡೆಯುತ್ತಿದೆ, ಅಷ್ಟು ಹಳೆಯದು. ಆದರೆ ಮೊದಲ ವರ್ಷವೇ ಅಷ್ಟು ದೂರ ಓಡಬೇಡ. ನಿನ್ನ ಆಖೆನ್‌ನಲ್ಲೇ ಕೆಥೆಡ್ರಲ್‌ಗೂ ರಾಟ್‌ಹೌಸ್ ಅನ್ನುವ ಪುರಭವನಕ್ಕೂ ನಡುವೆ ಸೊಗಸಾದ ಮಾರ್ಕೆಟ್ ಇದೆ. ಅಲ್ಲಿ ಪ್ರಿಂಟನ್ ಅನ್ನುವ ಬಿಸ್ಕತ್ತು ಸಿಗುತ್ತದೆ, ಆ ಊರಿನದೇ ತಿಂಡಿ. ದಾಲ್ಚಿನ್ನಿ, ಲವಂಗ, ಸೋಂಪಿನ ಥರದ ಒಂದು ಮಸಾಲೆ ಹಾಕಿ, ಸಕ್ಕರೆ ಬೀಟ್‌ರೂಟಿನ ಪಾಕದಲ್ಲಿ ಮಾಡುತ್ತಾರೆ. ಆ ಪಾಕದ ವಾಸನೆ ನೋಡು. ಆಲೆಮನೆಯ ಕೊಪ್ಪರಿಗೆ ನೆನಪಾಗದಿದ್ದರೆ ಕೇಳು. ಇಲ್ಲಿ ಕಬ್ಬು ಬೆಳೆಯುವುದಿಲ್ಲ, ಸಕ್ಕರೆ ಬಹುಪಾಲು ಬೀಟ್‌ನಿಂದಲೇ. ಆಖೆನ್ ಮತ್ತು ನಾನಿರುವ ಕೊಲೋನ್ ನಡುವಿನ ಹೊಲಗಳಲ್ಲಿ ಈ ಕಾಲದಲ್ಲಿ ಗುಡ್ಡೆ ಗುಡ್ಡೆ ಬೀಟ್ ಬಿದ್ದಿರುತ್ತದೆ. ನಿಮ್ಮ ಕಡೆ ಕಬ್ಬಿನ ಗಾಡಿಗಳು ಕಾರ್ಖಾನೆಗೆ ಸಾಲುಗಟ್ಟುವ ಹಾಗೆ ಇಲ್ಲಿ ಬೀಟ್ ಲಾರಿಗಳು ಸಾಲುಗಟ್ಟುತ್ತವೆ. ಮಂಡ್ಯದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾ?

ಮಾರ್ಕೆಟ್‌ನಲ್ಲಿ ಗ್ಲೂವೈನ್ ಅಂದರೆ ಬಿಸಿ ಮಾಡಿದ ದ್ರಾಕ್ಷಾರಸದ ಮದ್ಯ. ಬೇಡದಿದ್ದರೆ ಕಿಂಡರ್‌ಪುನ್ಶ್ ಕೇಳು, ಅದು ಮಕ್ಕಳು ಕುಡಿಯುವ ಬಿಸಿ ಹಣ್ಣಿನ ರಸ. ಲೋಟಕ್ಕೆ ಕೆಲವು ಯೂರೋ ಠೇವಣಿ ಹಿಡಿಯುತ್ತಾರೆ, ವಾಪಸ್ ಕೊಟ್ಟರೆ ದುಡ್ಡು ಬರುತ್ತದೆ. ಸಾಸೇಜ್ ಬಹುಪಾಲು ಹಂದಿ ಮಾಂಸದ್ದು, ತಿನ್ನದಿದ್ದರೆ ಕೇಳಿ ತಗೋ. ರೈಬೆಕೂಕನ್ ಅಂತ ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಬೇಯಿಸಿ ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ. ಅದನ್ನು ಬಿಸಿ ಬಿಸಿ ತಿನ್ನಬೇಕು. ಒಂದು ಮಾತು, ಹೆಚ್ಚಿನ ಮಾರ್ಕೆಟ್‌ಗಳು 23ಕ್ಕೋ 24ರ ಮಧ್ಯಾಹ್ನಕ್ಕೋ ಮುಚ್ಚುತ್ತವೆ. ರಜೆ ಶುರುವಾದ ಮೇಲೆ ನೋಡೋಣ ಅಂದುಕೊಂಡರೆ ಕಂಬ ಕೀಳುವುದನ್ನು ನೋಡಬೇಕಾಗುತ್ತದೆ.

ಕೊಲೋನ್‌ಗೆ ಒಂದು ಸಂಜೆ ಬಾ. ನಿನ್ನ ವಿದ್ಯಾರ್ಥಿ ಪಾಸು ಡಾಯ್ಚ್‌ಲ್ಯಾಂಡ್ ಸೆಮಿಸ್ಟರ್ ಟಿಕೆಟ್ ಆಗಿದ್ದರೆ ಲೋಕಲ್ ರೈಲಿಗೆ ಬೇರೆ ದುಡ್ಡು ಕೊಡಬೇಕಿಲ್ಲ, ಸುಮಾರು ಒಂದು ಗಂಟೆ ದಾರಿ. ಅದೇ ಟಿಕೆಟ್ ಇಟ್ಟುಕೊಂಡು ಐಸಿಇ ಅನ್ನುವ ವೇಗದ ರೈಲು ಹತ್ತಬೇಡ, ದಂಡ ಬೀಳುತ್ತದೆ. ಸ್ಟೇಷನ್ ಬಾಗಿಲು ದಾಟುತ್ತಿದ್ದ ಹಾಗೆ ಎದುರಿಗೆ ಡೋಮ್, ಅಂದರೆ ಈ ಊರಿನ ಕೆಥೆಡ್ರಲ್, ಎದ್ದು ನಿಂತಿರುತ್ತದೆ. 2006ರ ಅಕ್ಟೋಬರ್‌ನಲ್ಲಿ ಎರಡು ಸೂಟ್‌ಕೇಸ್ ಎಳೆದುಕೊಂಡು ನಾನು ಆ ಬಾಗಿಲಲ್ಲಿ ಹೊರಗೆ ಬಂದೆ. ತಲೆ ಎತ್ತಿದವಳು ಹಾಗೇ ನಿಂತುಬಿಟ್ಟೆ. ನಾನು ಹುಟ್ಟಿ ಬೆಳೆದಿದ್ದು ಮೈಸೂರಿನ ಅಶೋಕ ರಸ್ತೆಯ ಹತ್ತಿರದ ಓಣಿ. ನಮ್ಮ ಮನೆ ತಾರಸಿ ಹತ್ತಿದರೆ ಸೇಂಟ್ ಫಿಲೋಮಿನಾ ಚರ್ಚಿನ ಎರಡು ಗೋಪುರ ಕಾಣುತ್ತಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ಚರ್ಚು ಅದು. ಕೊಲೋನ್ ಡೋಮ್‌ನ ಮಾದರಿಯಲ್ಲಿ ಕಟ್ಟಿದ್ದು ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಮ್ಮದರ ಗೋಪುರ 175 ಅಡಿ. ಇಲ್ಲಿಯದು 157 ಮೀಟರ್, ಅಂದರೆ ನಮ್ಮದರ ಮೂರರಷ್ಟು. 1248ರಲ್ಲಿ ಶುರು ಮಾಡಿ 1880ರಲ್ಲಿ ಮುಗಿಸಿದರಂತೆ. ಇದೆಲ್ಲ ಆಮೇಲೆ ತಿಳಿದಿದ್ದು. ಆವತ್ತು ಮಾತ್ರ, ಗುರುತು ಪರಿಚಯ ಇಲ್ಲದ ಊರಿನಲ್ಲಿ ನಮ್ಮ ಬೀದಿಯವರೇ ಯಾರೋ ಎದುರಿಗೆ ಬಂದ ಹಾಗಾಯಿತು. ಈಗಲೂ ಮನಸ್ಸು ಕೆಟ್ಟಾಗ ಒಳಗೆ ಹೋಗಿ ಹತ್ತು ನಿಮಿಷ ಕೂತು ಬರುತ್ತೇನೆ.

ಇನ್ನು ಅಂಗಡಿಯ ವಿಷಯ. ಇದನ್ನು ಹೇಳಲು ಹೋದರೆ ನನ್ನ ಮೊದಲ ಕ್ರಿಸ್‌ಮಸ್ಸೇ ಹೇಳಬೇಕಾಗುತ್ತದೆ.

ನಾನು ನದಿಯ ಆಚೆ ದಡದಲ್ಲಿ ಒಂದು ಮಹಡಿ ರೂಮ್ ಬಾಡಿಗೆಗೆ ಹಿಡಿದಿದ್ದೆ. ಮನೆ ಯಜಮಾನಿ ಕೆಳಗಿನ ಮನೆಯಲ್ಲಿದ್ದರು. ಎಪ್ಪತ್ತು ದಾಟಿದ ಅಜ್ಜಿ, ಒಬ್ಬರೇ. ಮಾತು ಕಡಿಮೆ. ಡಿಸೆಂಬರ್ 22ರಂದು ಮೆಟ್ಟಿಲ ಹತ್ತಿರ ಸಿಕ್ಕವರು, ‘ಭಾನುವಾರ ಸಂಜೆ ಆರಕ್ಕೆ ಕೆಳಗೆ ಬಾ. ಆಲೂಗಡ್ಡೆ ಸಲಾಡ್ ಮಾಡುತ್ತೇನೆ’ ಅಂದರು. ನಾನು ಏನಂದೆ ಗೊತ್ತಾ? ನಮ್ಮ ಮನೆಯಲ್ಲಿ ಕಲಿತಿದ್ದನ್ನೇ ಅಂದೆ. ‘ಬೇಡ, ನಿಮಗೆ ಯಾಕೆ ತೊಂದರೆ.’

ನಮ್ಮಲ್ಲಿ ಇದರ ಅರ್ಥ ನಿನಗೆ ಬಿಡಿಸಿ ಹೇಳಬೇಕಿಲ್ಲ. ಮೊದಲ ಸಲ ಕರೆದ ತಕ್ಷಣ ಹೂಂ ಅಂದರೆ ಅದಕ್ಕೇ ಕಾದಿದ್ದಳು ಅಂತಾರೆ. ಅವರು ಇನ್ನೊಂದು ಸಲ ಕರೆಯಬೇಕು, ನಾವು ಇನ್ನೊಂದು ಸಲ ಬೇಡ ಅನ್ನಬೇಕು, ಮೂರನೇ ಸಲ ಕೈ ಹಿಡಿದು ಎಳೆದರೆ ಹೋಗಿ ಎಲೆ ಮುಂದೆ ಕೂರಬೇಕು. ಆ ಅಜ್ಜಿ ಎರಡನೇ ಸಲ ಕರೆಯಲಿಲ್ಲ. ‘ಸರಿ’ ಅಂದರು, ಒಳಗೆ ಹೋದರು.

ಆ ವರ್ಷ 24 ಭಾನುವಾರವೇ ಬಿದ್ದಿತ್ತು. ಇಲ್ಲಿ ಭಾನುವಾರ ಅಂಗಡಿ ಇಲ್ಲ. 25, 26 ಎರಡೂ ಸರ್ಕಾರಿ ರಜೆ. ಮೂರು ದಿನ ನಮ್ಮ ಬೀದಿ ಪೂರ್ತಿ ಮುಚ್ಚಿರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಹಬ್ಬದ ಹಿಂದಿನ ದಿನ ನಮ್ಮ ದೇವರಾಜ ಮಾರ್ಕೆಟ್ ಹೇಗಿರುತ್ತದೆ ನೋಡಿದ್ದೀಯಲ್ಲ, ಕಾಲಿಡಲು ಜಾಗ ಇರಲ್ಲ. ನಾನು ಅದೇ ಎಣಿಕೆಯಲ್ಲಿ ಚೀಲ ಹಿಡಿದು ಇಳಿದರೆ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಅಕ್ಕಿ ಇತ್ತು, ಸ್ವಲ್ಪ ರವೆ ಇತ್ತು, ಅಮ್ಮ ಕುಟ್ಟಿ ಕೊಟ್ಟ ಸಾರಿನ ಪುಡಿ ಇತ್ತು. ಹೊಟ್ಟೆಗೆ ಕೊರತೆ ಆಗಲಿಲ್ಲ ಅನ್ನು. ಈ ಸಲ ನೀನೂ ಹುಷಾರು. 2026ರಲ್ಲಿ 25 ಶುಕ್ರವಾರ, 26 ಶನಿವಾರ, 27 ಭಾನುವಾರ. 24ರ ಮಧ್ಯಾಹ್ನ ಎರಡರ ಹೊತ್ತಿಗೆ ಬಾಗಿಲು ಹಾಕಿದರೆ ಸೋಮವಾರ ಬೆಳಗ್ಗೆಯೇ ತೆಗೆಯುವುದು. 23ಕ್ಕೇ ಹಾಲು, ತರಕಾರಿ, ಬ್ರೆಡ್ ತಂದಿಟ್ಟುಕೋ. ತೀರಾ ಬೇಕಾದರೆ ದೊಡ್ಡ ಸ್ಟೇಷನ್‌ಗಳ ಒಳಗೆ ಕೆಲವು ಅಂಗಡಿ ತೆರೆದಿರುತ್ತವೆ.

ಆವತ್ತು ಸಂಜೆ ಆರಾಯಿತು. ನನಗೆ ಒಳಗೊಳಗೇ ಆಸೆ, ಇನ್ನೊಂದು ಸಲ ಬಂದು ಬಾಗಿಲು ತಟ್ಟುತ್ತಾರೆ ಅಂತ. ತಲೆ ಬಾಚಿಕೊಂಡು, ಒಳ್ಳೆ ಚೂಡಿದಾರ್ ಹಾಕಿಕೊಂಡು ಕೂತಿದ್ದೆ. ಏಳಾಯಿತು. ಎದುರು ಮನೆಗಳ ಕಿಟಕಿಯಲ್ಲೆಲ್ಲ ಮೇಣದ ಬತ್ತಿ. ಚರ್ಚಿನ ಗಂಟೆಗಳು ಹೊಡೆಯುತ್ತಲೇ ಇದ್ದವು. ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಕ್ರೈಸ್ತ ಗೆಳತಿಯ ಮನೆಯವರು ಗೋದಲಿ ಕಟ್ಟಿ, ನಕ್ಷತ್ರ ತೂಗುಹಾಕಿ, ಮಾರನೇ ದಿನ ಕಲ್‌ಕಲ್, ಕೇಕು ತುಂಬಿದ ತಟ್ಟೆ ಕಳಿಸುತ್ತಿದ್ದರು. ಖಾಲಿ ತಟ್ಟೆ ವಾಪಸ್ ಕೊಡಬಾರದು ಅಂತ ಅಮ್ಮ ಅದರಲ್ಲಿ ಬೆಲ್ಲವನ್ನೋ ಬಾಳೆಹಣ್ಣನ್ನೋ ಇಟ್ಟು ಕಳಿಸುತ್ತಿದ್ದಳು. ಅದನ್ನು ನೆನೆದು ಅತ್ತೆ. ನಾಳೆ 25, ನಾಳೆಯೇ ಅಲ್ವಾ ನಿಜವಾದ ಹಬ್ಬ, ಏನಾದರೂ ಮಾಡಿಕೊಂಡು ನಾನೇ ಹೋಗೋಣ ಅಂತ ಸಮಾಧಾನ ಮಾಡಿಕೊಂಡೆ.

25ರ ಬೆಳಗ್ಗೆ ಇದ್ದ ರವೆಯಲ್ಲಿ ಕೇಸರಿಬಾತ್ ಮಾಡಿದೆ. ಬೆಣ್ಣೆ ಕಾಯಿಸಿ ತುಪ್ಪ ಮಾಡಿಕೊಂಡೆ. ಡಬ್ಬಿಗೆ ಹಾಕಿಕೊಂಡು ಕೆಳಗೆ ಇಳಿದು ಬೆಲ್ ಒತ್ತಿದೆ. ಯಾರೂ ಇಲ್ಲ. ಅಜ್ಜಿ ಮಗನ ಊರಿಗೆ ಹೋಗಿದ್ದರು. ಇಲ್ಲಿ ಹಬ್ಬ ಅಂದರೆ 24ರ ಸಂಜೆಯೇ ಅಂತ ನನಗೆ ಗೊತ್ತಿರಲಿಲ್ಲ. ಉಡುಗೊರೆ ಬಿಚ್ಚುವುದು, ಮನೆಯವರೆಲ್ಲ ಒಟ್ಟಿಗೆ ಕೂರುವುದು ಆ ಸಂಜೆಯೇ. ಊಟ ಮಾತ್ರ ಬಹಳ ಮನೆಗಳಲ್ಲಿ ಸರಳ, ಆಲೂಗಡ್ಡೆ ಸಲಾಡು, ಸಾಸೇಜು. ಹೋಳಿಗೆ ಪಾಯಸ ಇಲ್ಲ ಅಂತ ಅದು ಸಣ್ಣ ಕರೆ ಅಂದುಕೊಂಡಿದ್ದು ನನ್ನ ತಪ್ಪು. ಆ ಸಂಜೆಗೆ ಅವರು ಸುಮ್ಮಸುಮ್ಮನೆ ಯಾರನ್ನೂ ಕರೆಯುವುದಿಲ್ಲ, ತಮ್ಮಾ.

27ಕ್ಕೆ ಅವರು ವಾಪಸ್ ಬಂದರು. ಕೇಸರಿಬಾತ್ ಕೊಟ್ಟೆ. ತಗೊಂಡರು. ಆಮೇಲೆ ಒಳಗಿನಿಂದ ಕಾಗದ ಸುತ್ತಿದ ಒಂದು ಪೊಟ್ಟಣ ತಂದರು. ಉಣ್ಣೆಯ ಕಾಲುಚೀಲ, ಅವರೇ ಹೆಣೆದಿದ್ದು. ‘24ಕ್ಕೆ ಕೊಡಬೇಕು ಅಂತಿದ್ದೆ. ಮಗ ಮಾರನೇ ದಿನ ಕರೆದುಕೊಂಡು ಹೋಗುವವನಿದ್ದ. ಆ ಸಂಜೆ ನಾನೂ ಒಬ್ಬಳೇ, ನೀನೂ ಒಬ್ಬಳೇ ಅಂತ ಕರೆದೆ. ನೀನು ಬೇಡ ಅಂದೆ’ ಅಂದರು. ಸಿಟ್ಟಿನಿಂದ ಅಲ್ಲ. ಇದ್ದದ್ದನ್ನು ಹೇಳಿದರು, ಅಷ್ಟೇ. ಒಂದೇ ಮೆಟ್ಟಿಲ ಮೇಲೂ ಕೆಳಗೂ ನಾವಿಬ್ಬರೂ ಒಂಟಿಯಾಗಿ ಉಂಡೆವು.

ನನ್ನ ‘ಬೇಡ’ದ ಅರ್ಥ ಬೇಡ ಅಂತ ಅಲ್ಲ, ಇದನ್ನು ಅವರಿಗೆ ಬಿಡಿಸಿ ಹೇಳುವಷ್ಟು ಜರ್ಮನ್ ನನಗೆ ಆಗ ಬರುತ್ತಿರಲಿಲ್ಲ. ಭಾಷೆ ಬಂದ ಮೇಲೆ ಹೇಳೋಣ ಅಂದುಕೊಂಡೆ. ಮಾರ್ಚಿನಲ್ಲಿ ಕೆಲಸದ ಜಾಗ ಬದಲಾಗಿ ಮನೆ ಬಿಟ್ಟೆ. ಮುಂದಿನ ಡಿಸೆಂಬರ್‌ನಲ್ಲಿ ಡಬ್ಬಿ ಹಿಡಿದು ಹೋದೆ. ಬೆಲ್ ಪಕ್ಕದಲ್ಲಿ ಬೇರೆ ಹೆಸರು ಇತ್ತು. ಹೊಸಬರಿಗೆ ಏನೂ ಗೊತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಕೇಳಬಹುದಿತ್ತು. ಸಂಕೋಚ ಆಯಿತು, ಕೇಳದೆ ಬಂದುಬಿಟ್ಟೆ. ಕರೆದಾಗ ಹೋಗದಿದ್ದಕ್ಕಿಂತ ಆ ದಿನ ಕೇಳದೆ ಬಂದಿದ್ದೇ ನನ್ನನ್ನು ಜಾಸ್ತಿ ಸುಡುತ್ತದೆ. ಆ ಕಾಲುಚೀಲ ಹಿಮ್ಮಡಿಯ ಹತ್ತಿರ ಸವೆದಿದೆ. ಇನ್ನೂ ಇಟ್ಟುಕೊಂಡಿದ್ದೇನೆ.

ಅದಕ್ಕೇ ಹೇಳುತ್ತಿದ್ದೇನೆ. ಇವತ್ತೇ ಪಕ್ಕದ ರೂಮಿಗೆ ಹೋಗು. ‘ನಮ್ಮ ಕಡೆ ಮೊದಲು ಬೇಡ ಅನ್ನುವುದು ರೂಢಿ, ನನಗೆ ಬರಬೇಕು ಅಂತ ಇದೆ, ಈಗಲೂ ಬರಬಹುದಾ’ ಅಂತ ನೇರ ಕೇಳು. ಇಂಗ್ಲಿಷ್‌ನಲ್ಲೇ ಕೇಳು, ಪರವಾಗಿಲ್ಲ. ಅವನಿಗೆ ಬೇಜಾರಾಗುವುದಿಲ್ಲ, ಖುಷಿಯಾಗುತ್ತದೆ. ಏನು ತರಲಿ ಅಂತಲೂ ಕೇಳು. ಆರಕ್ಕೆ ಅಂದರೆ ಆರಕ್ಕೆ ಹೋಗು. ಏನು ತಿನ್ನಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡು, ಅದು ಮರ್ಯಾದೆ ಕೆಟ್ಟ ಮಾತಲ್ಲ. ಬಡಿಸುವಾಗ ಇನ್ನಷ್ಟು ಬೇಕಾ ಅಂದರೆ ಬೇಕಿದ್ದರೆ ಬೇಕು ಅನ್ನು. ಸಾಕು ಅಂದರೆ ಅವರು ಇನ್ನೊಂದು ಸೌಟು ಹಾಕುವವರಲ್ಲ. ನೀನು ಒಯ್ದ ಡಬ್ಬಿ ಖಾಲಿಯಾಗಿ ತೊಳೆದು ವಾಪಸ್ ಬಂದರೆ ನೊಂದುಕೊಳ್ಳಬೇಡ, ಅವರ ಲೆಕ್ಕದಲ್ಲಿ ಅದೇ ಮರ್ಯಾದೆ.

ರೈಲಿನದ್ದು ಒಂದು ಮಾತು. ಅವರ ಊರು ದೂರ ಇದ್ದರೆ ಟಿಕೆಟ್ ಈಗಲೇ ಮಾಡಿಸು. ಅಗ್ಗದ ಟಿಕೆಟ್ ಅದೇ ರೈಲಿಗೆ ಮಾತ್ರ ನಡೆಯುತ್ತದೆ. ಹಬ್ಬದ ವಾರದಲ್ಲಿ ಸೀಟ್ ಕಾದಿರಿಸದಿದ್ದರೆ ನಿಂತೇ ಹೋಗಬೇಕು. 24ರ ಸಂಜೆ ಬಸ್ಸು, ಟ್ರಾಮ್ ಕಡಿಮೆ ಆಗುತ್ತವೆ, ಮಧ್ಯಾಹ್ನವೇ ತಲುಪುವ ಹಾಗೆ ಹೊರಡು.

ಅಲ್ಲಿಂದ ಬಂದ ಮೇಲೆ 26ಕ್ಕೋ 27ಕ್ಕೋ ನಮ್ಮ ಮನೆಗೆ ಬಾ. ಅಂಗಡಿ ಇಲ್ಲದಿದ್ದರೂ ರೈಲು ಓಡುತ್ತದೆ. ಫ್ರೀಜರ್‌ನಲ್ಲಿ ಅವರೆಕಾಳು ಇದೆ, ಹಿತಕಿದ ಬೇಳೆ ಸಾರು ಮಾಡುತ್ತೇನೆ. ರಾಗಿ ಹಿಟ್ಟು ಹೋದ ತಿಂಗಳು ಊರಿಂದ ಬಂದಿದೆ, ಮುದ್ದೆ ನೀನೇ ತಿರುವಬೇಕು, ಮಂಡ್ಯದವನು. ಯಾವ ರೈಲಿಗೆ ಬರುತ್ತೀಯ ಬರಿ. ಡೋಮ್ ಕಡೆಯ ಬಾಗಿಲಲ್ಲಿ ನಿಂತಿರುತ್ತೇನೆ.