ಶಾಸ್ತ್ರ ಬಿಡಿ, ಜಮೀನು ಯಾರ ಹೆಸರಲ್ಲಿದೆ?

ಐರ್ಲೆಂಡಿನ ಕ್ಲೇರ್ ಕೌಂಟಿಯಿಂದ ನರ್ಸ್ ಒಬ್ಬರು ಬರೆದಿದ್ದಾರೆ. ದಾವಣಗೆರೆ ಕಡೆಯವರು. ಅಲ್ಲಿನ ರೈತರ ಮಗನ ಜೊತೆ ಮದುವೆ ಗೊತ್ತಾಗಿದೆ. ಅತ್ತೆಯಾಗುವವರ ಶಾಸ್ತ್ರಗಳೇ ಇವರಿಗೆ ತಲೆನೋವು. ಮಳೆ ಬಾರದಿರಲಿ ಅಂತ ಹಿಂದಿನ ರಾತ್ರಿ ಬಾಲಯೇಸುವಿನ ಮೂರ್ತಿಯನ್ನು ಹೊರಗಿಡಬೇಕಂತೆ. ಊಟದ ಹೊತ್ತಿಗೆ ಹುಲ್ಲಿನ ಮುಖವಾಡ ಹಾಕಿದ ‘ಸ್ಟ್ರಾಬಾಯ್’ಗಳು ನುಗ್ಗಿ ಮದುಮಗಳ ಜೊತೆ ಕುಣಿಯುತ್ತಾರಂತೆ. “ಊರಿಂದ ಬರುವ ಅಪ್ಪ ಅಮ್ಮ ಏನಂದುಕೊಳ್ಳುತ್ತಾರೋ, ಬೇಡ ಅನ್ನಲಾ?”

ಖಂಡಿತ ಬೇಡ ಅನ್ನಬೇಡಿ. ಅತ್ತೆ ನಿಮ್ಮನ್ನು ಊರಿನ ಸೊಸೆಯಾಗಿ ಬರಮಾಡಿಕೊಳ್ಳುತ್ತಿದ್ದಾರೆ. ಅಪ್ಪ ಅಮ್ಮನಿಗೆ ಮೊದಲೇ ಹೇಳಿಟ್ಟರೆ ಅವರೂ ಕುಣಿದಾರು.

ನನಗೆ ಚುಚ್ಚಿದ್ದು ನೀವು ಕೊನೆಯಲ್ಲಿ ಸುಮ್ನೆ ಬರೆದ ಮಾತು. ಹುಡುಗನಿಗೆ 39. ಜಮೀನು ಇನ್ನೂ ಮಾವನ ಹೆಸರಲ್ಲಿದೆ. “ಮದುವೆಯಾದ ಮೇಲೆ ನೋಡೋಣ” ಅಂದಿದ್ದಾರೆ. ಅದೇ ಜಮೀನಿನಲ್ಲಿ ನಿಮ್ಮ ಉಳಿತಾಯ ಹಾಕಿ ಮನೆ ಕಟ್ಟುತ್ತೀರಿ!

1840ರ ದಶಕದ ಮಹಾ ಬರಗಾಲದ ನಂತರ ಅಲ್ಲಿ ಜಮೀನು ಪಾಲು ಮಾಡದೆ ಒಬ್ಬ ಮಗನಿಗೇ ಕೊಡುವುದು ರೂಢಿಯಾಯಿತು. ಅಪ್ಪ ಬಿಟ್ಟುಕೊಡುವ ತನಕ ಮಗನಿಗೆ ಮದುವೆಯಿರಲಿಲ್ಲ. ನಲವತ್ತಾದರೂ ಊರಿನ ಲೆಕ್ಕದಲ್ಲಿ ಅವನು ಹುಡುಗನೇ ಆಗಿದ್ದ. ಆದರೆ ಸಂಬಂಧ ಕುದುರಿದಾಗ ಹೆಣ್ಣಿನ ಕಡೆಯವರು ಹೊಲ ನಡೆದು ನೋಡುತ್ತಿದ್ದರು, ದನ ಎಣಿಸುತ್ತಿದ್ದರು. ಆಮೇಲೆ ಎರಡೂ ಕಡೆಯವರು ವಕೀಲರ ಹತ್ತಿರ ಹೋಗುತ್ತಿದ್ದರು. ಅಪ್ಪ ಜಮೀನನ್ನು ಮಗನಿಗೆ ಬರೆದುಕೊಡಬೇಕು. ಮುದುಕರಿಗೆ ಪಶ್ಚಿಮದ ಕೋಣೆ, ಹಾಲು, ಆಲೂಗಡ್ಡೆ, ಚರ್ಚಿಗೆ ಹೋಗಲು ಗಾಡಿ ಎಲ್ಲವೂ ಕಾಗದದ ಮೇಲೆ. ಹುಡುಗಿ ತಂದ ವರದಕ್ಷಿಣೆ ಮಾವನ ಕೈಗೆ, ಎಷ್ಟೋ ಸಲ ಅಲ್ಲಿಂದ ನಾದಿನಿಯ ಮದುವೆಗೆ. ಆ ಚೌಕಾಸಿಯನ್ನು ನಾನು ಹೊಗಳಲಾರೆ. ಆದರೆ ಹಣದ ಜೊತೆ ಕಾಗದವೂ ಇತ್ತು. ನಿಮ್ಮಲ್ಲಿ ಹಣ ಮಾತ್ರ ಇದೆ.

ನನ್ನ ಸಿಟ್ಟು ಮಾವನ ಮೇಲೆ. ಹಳೆಯ ಅಪ್ಪಂದಿರು ಬರೆದುಕೊಟ್ಟೇ ಸೊಸೆ ತಂದರು, ಇವರಿಗೆ ಅದೂ ಬೇಡ. ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೆ, ಮದುವೆಗೆ ಮುಂಚೆ ಆಸ್ತಿ ಮಾತಾಡುವುದು ಅವಮಾನ ಅಲ್ಲ ಅಂತ. ಅಲ್ಲಿನ 1965ರ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡ ಉಯಿಲಿನಲ್ಲಿ ಏನೇ ಬರೆದಿಟ್ಟು ತೀರಿಕೊಂಡರೂ ಹೆಂಡತಿಗೆ ಮಕ್ಕಳಿಲ್ಲದಿದ್ದರೆ ಅರ್ಧ, ಇದ್ದರೆ ಮೂರನೇ ಒಂದು ಪಾಲಿನ ಹಕ್ಕಿದೆ. ಆದರೆ ಅದು ಗಂಡನ ಆಸ್ತಿಯಲ್ಲಿ, ಮಾವನದ್ದರಲ್ಲಿ ಅಲ್ಲ.

ಮನೆ ಕಟ್ಟುವಷ್ಟು ಜಾಗವಾದರೂ ನಿಮ್ಮಿಬ್ಬರ ಹೆಸರಿಗೆ ಆಗುವವರೆಗೆ ಒಂದು ಯೂರೋ ಕೂಡ ಹಾಕಬೇಡಿ. ವಕೀಲರೂ ಅವರ ಮನೆಯವರು ಬೇಡ, ನಿಮ್ಮವರೇ ಬೇರೆ ಇರಲಿ.