ಗ್ಯಾರಂಡ್ ರೈಫಲ್‌ಗೆ ಕ್ಲಿಪ್ ಹಾಕಿದ ಮೇಲೂ ಬೋಲ್ಟ್ ತಾನಾಗಿ ಮುಂದೆ ಹೋಗುತ್ತಿಲ್ಲ. ಗಟ್ಟಿ ಸ್ಪ್ರಿಂಗ್ ಹಾಕಲೇ, ಕ್ಲಿಪ್ಪಿನ ಅಂಚು ಉಜ್ಜಲೇ?

ಎರಡೂ ಬೇಡ. ಅರ ಕೆಳಗಿಡಿ, ಸ್ಪ್ರಿಂಗ್ ಆರ್ಡರ್ ಮಾಡಿದ್ದರೆ ರದ್ದು ಮಾಡಿ. ನಿಮ್ಮ ಪ್ರಶ್ನೆಯಲ್ಲಿರುವ ಮಾತುಗಳನ್ನೇ ಒಂದು ಕಾಲಕ್ಕೆ ನಾನೂ ಕೇಳಿದ್ದೆ. ಅಮೆರಿಕಕ್ಕೆ ಬಂದ ಮೇಲೆ ಕೊಂಡ ಮೊದಲ ಎಂ1 ಗ್ಯಾರಂಡ್. ಎಂಟು ತೋಟಾಗಳನ್ನು ಒಟ್ಟಿಗೆ ಹಿಡಿಯುವ ಕ್ಲಿಪ್ ಒತ್ತಿ ಕೂರಿಸಿದರೆ, ತೋಟಾವನ್ನು ನಳಿಗೆಯ ಹಿಂಬದಿಯ ಗೂಡಿಗೆ (ಚೇಂಬರ್) ನೂಕಿ ಮುಚ್ಚಬೇಕಾದ ಬೋಲ್ಟ್ ಹಿಂದೆಯೇ ನಿಂತಿರುತ್ತಿತ್ತು. ಊರಿನ ಜೋಡಿ ನಳಿಗೆ ಕೋವಿ ನೋಡಿ ಬೆಳೆದವನಿಗೆ ಇದು ಸ್ಪ್ರಿಂಗ್ ಸೋತ ಲಕ್ಷಣ ಅನ್ನಿಸಿತು. ಹೆಚ್ಚು ಬಿಗಿಯ ಸ್ಪ್ರಿಂಗ್ ತರಿಸಿ ಹಾಕಿದೆ. ಆ ಒಂದು ಕೆಲಸಕ್ಕೆ ಬಲಗೈ ಹೆಬ್ಬೆರಳಿನ ಉಗುರು ಹೋಯಿತು.

ಯಾಕೆ ಎಂದು ಬಿಡಿಸಿ ಹೇಳುತ್ತೇನೆ, ನಿಮ್ಮ ತೊಂದರೆಯ ಬೇರೂ ಅಲ್ಲೇ ಇದೆ. 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಈ ರೈಫಲ್‌ನಲ್ಲಿ ಜಾನ್ ಗ್ಯಾರಂಡ್ ಒಂದೇ ಸ್ಪ್ರಿಂಗಿನಿಂದ ಎರಡು ಕೆಲಸ ಮಾಡಿಸಿದ್ದಾರೆ. ನಳಿಗೆಯ ಕೆಳಗಿರುವ ಆ ಉದ್ದನೆಯ ಸ್ಪ್ರಿಂಗಿನ ಮುಂದಿನ ತುದಿ ಬೋಲ್ಟನ್ನು ಓಡಿಸುವ ಆಪರೇಟಿಂಗ್ ರಾಡನ್ನು ಮುಂದಕ್ಕೆ ನೂಕುತ್ತದೆ. ಹಿಂದಿನ ತುದಿ ಫಾಲೋವರ್ ರಾಡನ್ನು ಹಿಂದಕ್ಕೆ ಒತ್ತುತ್ತದೆ. ಅದು ಫಾಲೋವರ್ ಆರ್ಮ್ ಎಂಬ ತೋಳಿನ ಮೂಲಕ ಫಾಲೋವರನ್ನು, ಅಂದರೆ ತೋಟಾಗಳ ಅಡಿಯ ತಟ್ಟೆಯನ್ನು, ಎತ್ತಿ ತೋಟಾಗಳನ್ನು ಮೇಲಕ್ಕೆ ತರುತ್ತದೆ. ಬೋಲ್ಟ್ ಹಿಂದೆ ಸಿಕ್ಕಿಕೊಂಡಿರುವಾಗ ಸ್ಪ್ರಿಂಗ್ ಆಗಲೇ ಅದುಮಿಕೊಂಡಿರುತ್ತದೆ. ಕ್ಲಿಪ್ ಒತ್ತಿದರೆ ಅದೇ ಸ್ಪ್ರಿಂಗನ್ನು ಇನ್ನಷ್ಟು ಅದುಮುತ್ತೀರಿ. ಅಂದರೆ ಬೋಲ್ಟನ್ನು ಜೋರಾಗಿ ತಳ್ಳಲಿ ಎಂದು ಬಿಗಿ ಸ್ಪ್ರಿಂಗ್ ಹಾಕಿದರೆ ಫಾಲೋವರ್ ಕೂಡ ಅಷ್ಟೇ ಜೋರಾಗಿ ಮೇಲಕ್ಕೆ ಒತ್ತುತ್ತದೆ. ಮೇಲಿನ ತೋಟಾ ಕ್ಲಿಪ್ಪಿನ ಬಾಗಿದ ಅಂಚಿಗೆ ಇನ್ನೂ ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ. ಬೋಲ್ಟ್ ಅದನ್ನು ಅಲ್ಲಿಂದ ಬಿಡಿಸಿಕೊಂಡೇ ಮುಂದೆ ಹೋಗಬೇಕು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಒಂದು ಹೆಬ್ಬೆರಳಿನಿಂದ ಕ್ಲಿಪ್ ಕೂರುತ್ತಿರಲಿಲ್ಲ. ಎರಡೂ ಹೆಬ್ಬೆರಳು ಇಟ್ಟು ಒತ್ತಿದೆ. ತಪ್ಪಿನ ನಿಜವಾದ ಬೆಲೆ ತೆತ್ತದ್ದು ಅಲ್ಲಿ. ಎರಡು ಹೆಬ್ಬೆರಳೂ ಕ್ಲಿಪ್ ಮೇಲಿದ್ದರೆ ರಾಡಿನ ಹಿಡಿಯನ್ನು ತಡೆಯಲು ಯಾವ ಕೈಯೂ ಉಳಿಯುವುದಿಲ್ಲ. ಫಾಲೋವರ್ ಪೂರ್ತಿ ಕೆಳಗೆ ಹೋದ ಕ್ಷಣ ಆಪರೇಟಿಂಗ್ ರಾಡ್ ಕ್ಯಾಚ್ (ರಾಡನ್ನು ಹಿಂದೆ ಹಿಡಿದಿಡುವ ಕೊಕ್ಕೆ) ಬಿಟ್ಟುಕೊಡುತ್ತದೆ, ಆಮೇಲೆ ಬೋಲ್ಟನ್ನು ತಡೆದಿರುವುದು ನಿಮ್ಮ ಕೈ ಮತ್ತು ಮೇಲಿನ ತೋಟಾ, ಅಷ್ಟೇ. ನಾನು ತೆಗೆದು ಹಾಕಿದ್ದ ಹಳೆಯ ಸ್ಪ್ರಿಂಗನ್ನು ಆಮೇಲೆ ಅಳೆದರೆ ಹತ್ತೊಂಬತ್ತೂವರೆ ಇಂಚು ಇತ್ತು. ಹೊಸದು 20 ಇಂಚಿಗೆ ಸ್ವಲ್ಪ ಹೆಚ್ಚಿರುತ್ತದೆ, 19ಕ್ಕಿಂತ ಇಳಿದರೆ ಬದಲಿಸಬೇಕು. ಬಿಡಿಯಾಗಿ ಮೇಜಿನ ಮೇಲಿಟ್ಟು ಟೇಪ್ ಹಿಡಿಯುವ ಕೆಲಸ, ಒಂದು ನಿಮಿಷ ಸಾಕಿತ್ತು. ಬದಲಿಸಲೇಬೇಕಾಗಿ ಬಂದರೂ ಮಾಮೂಲಿ ಸೇನಾ ಅಳತೆಯದ್ದನ್ನೇ ಹಾಕಿ.

ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎಂದು ನಾನು ಹೇಳುವುದು ಇದಕ್ಕೇ. ತುಂಬಿದ ಕ್ಲಿಪ್ ಹಾಕಿದಾಗ ಬೋಲ್ಟ್ ತಾನಾಗಿ ಮುಂದೆ ಹೋಗದಿರುವುದು ಗ್ಯಾರಂಡ್‌ನಲ್ಲಿ ದೋಷವಲ್ಲ. ಹೊಸ ಅಥವಾ ಬಿಗಿಯಾದ ಕ್ಲಿಪ್ ಆದರೆ ಹಾಗೆ ಆಗಿಯೇ ಆಗುತ್ತದೆ. ಅಂಗೈಯ ಹಿಮ್ಮಡಿಯಿಂದ ರಾಡಿನ ಹಿಡಿಗೆ ಮುಂದಕ್ಕೆ ಒಂದು ಏಟು ಕೊಟ್ಟರೆ ಮುಗಿಯಿತು. ಸೈನಿಕರಿಗೂ ಹಾಗೆಯೇ ಕಲಿಸುತ್ತಿದ್ದರು.

ಕೈ ಇಡುವ ಕ್ರಮ ಇದು. ನಳಿಗೆ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರಿನಿಂದ ಹೊರಗೆ. ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆದು ಕ್ಯಾಚ್ ಹಿಡಿಯಿತೇ ಎಂದು ಖಾತ್ರಿ ಮಾಡಿಕೊಳ್ಳಿ. ಅರ್ಧಕ್ಕೆ ಎಳೆದು ಬಿಟ್ಟರೆ ಬೋಲ್ಟ್ ಬರೀ ಫಾಲೋವರಿಗೆ ಒರಗಿ ನಿಂತಿರುತ್ತದೆ, ನೋಡಲು ಎರಡೂ ಒಂದೇ ಥರ. ಬಲಗೈಯ ಕಿರುಬೆರಳ ಕಡೆಯ ಅಂಚನ್ನು ಹಿಡಿಯ ಮುಂದೆ ತಡೆಯಾಗಿ ಇಡಿ, ಬೆರಳುಗಳನ್ನು ನೆಟ್ಟಗೆ ಚಾಚಿ. ಅದೇ ಕೈಯ ಹೆಬ್ಬೆರಳಿನಿಂದ ಕ್ಲಿಪ್ಪನ್ನು ನೇರ ಕೆಳಕ್ಕೆ, ಅದನ್ನು ಒಳಗೆ ಹಿಡಿದಿಡುವ ಲ್ಯಾಚ್ ಸಿಕ್ಕುವವರೆಗೆ ಒಂದೇ ಒತ್ತು. ಹೆಬ್ಬೆರಳನ್ನು ಬಲಕ್ಕೆ ಸರಿಸಿ ದಾರಿ ಬಿಡಿ, ಆಮೇಲೆ ಹಿಡಿಯನ್ನು ಬಿಡಿ. ಮೊದಲು ಡಮ್ಮಿ ತೋಟಾಗಳಿಂದ ಐವತ್ತು ಸಲ ಮಾಡಿ. ಖಾಲಿ ರೈಫಲ್ ಮುಚ್ಚುವಾಗ ಇನ್ನೂ ಹೆಚ್ಚು ಎಚ್ಚರ ಬೇಕು, ಹೆಚ್ಚಿನವರ ಬೆರಳು ಸಿಕ್ಕಿಕೊಳ್ಳುವುದು ಆಗಲೇ.

ಇನ್ನು ಕ್ಲಿಪ್. ತೋಟಾಗಳನ್ನು ಜೋಡಿಸಿದ ಮೇಲೆ ಕ್ಲಿಪ್ಪಿನ ಬೆನ್ನನ್ನು ಮರದ ಮೇಜಿಗೆ ಮೆಲ್ಲಗೆ ತಟ್ಟಿ. ಒಂದು ತೋಟಾ ಮುಂದಕ್ಕೆ ಜರುಗಿದ್ದರೂ ಅದು ಒಳಗೆ ತಾಗಿ ಕ್ಲಿಪ್ ಕೂರುವುದಿಲ್ಲ. ಕ್ಲಿಪ್ಪಿಗೆ ಮೇಲು ಕೆಳಗು ಇಲ್ಲ, ಆದರೂ ಎಲ್ಲಕ್ಕಿಂತ ಮೇಲಿನ ತೋಟಾ ಬಲಗಡೆ ಬರುವಂತೆ ಜೋಡಿಸಿದರೆ ಒತ್ತುವುದು ಸುಲಭ. ತುಕ್ಕು ಹಿಡಿದಿದ್ದನ್ನು, ಅಂಚು ಸೊಟ್ಟಗಾಗಿದ್ದನ್ನು ಎಸೆದುಬಿಡಿ. ಅಂಚನ್ನು ಅರದಿಂದ ಉಜ್ಜಿದರೆ ಹಿಡಿತ ಹೋಗಿ ತೋಟಾಗಳು ಯಾವಾಗೆಂದರೆ ಆವಾಗ, ಹೇಗೆಂದರೆ ಹಾಗೆ ಮೇಲೆದ್ದು ಬರುತ್ತವೆ. ಅಗ್ಗದ ಒಂದು ತಗಡಿನ ತುಂಡಿಗಾಗಿ ಆ ತೊಂದರೆ ತಂದುಕೊಳ್ಳಬೇಡಿ.

ಇಷ್ಟಾದರೂ ಬೋಲ್ಟ್ ತಡವರಿಸಿದರೆ ಉಜ್ಜಾಟ ಎಲ್ಲಿದೆ ಹುಡುಕಿ. ರೈಫಲ್ ಖಾಲಿ ಎಂದು ಎರಡು ಸಲ ನೋಡಿ, ಟ್ರಿಗರ್ ಹೌಸಿಂಗ್ ಕಳಚಿ, ಮರದಿಂದ ಬೇರ್ಪಡಿಸಿ, ಸ್ಪ್ರಿಂಗ್ ತೆಗೆದು, ರಾಡ್ ಮತ್ತು ಬೋಲ್ಟ್ ಮಾತ್ರ ಉಳಿಸಿ. ನಳಿಗೆಯನ್ನು ಮೇಲಕ್ಕೆ ವಾಲಿಸಿದರೆ ಬೋಲ್ಟ್ ತನ್ನ ತೂಕಕ್ಕೇ ಹಿಂದೆ ಜಾರಬೇಕು, ಕೆಳಕ್ಕೆ ವಾಲಿಸಿದರೆ ಮುಂದೆ. ಎಲ್ಲಾದರೂ ನಿಂತರೆ ಅಲ್ಲಿ ಹೊಳಪು ಬಂದಿರುವ ಗುರುತು ಹುಡುಕಿ. ರಾಡ್ ಬಾಗಿರಬಹುದು, 180 ಗ್ರೇನ್‌ನಂಥ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಭಾರದ ಗುಂಡಿನ ಬೇಟೆ ತೋಟಾ ಹೊಡೆದರೆ ಹಾಗಾಗುತ್ತದೆ. ಈ ರೈಫಲ್‌ಗೆ ಹೊಂದುವುದು 150 ಗ್ರೇನ್ ಆಸುಪಾಸಿನ ಸೇನಾ ತೋಟಾಗಳ ಅನಿಲ ಒತ್ತಡ. ಬೋಲ್ಟಿನ ಲಗ್‌ಗಳು (ಚಾಚಿಕೊಂಡ ಗುಬಟುಗಳು), ರಾಡಿನ ಹಿಡಿಯ ಒಳಗಿನ ಗುಂಡಿ, ರಿಸೀವರಿನ (ಬೋಲ್ಟ್ ಓಡುವ ಉಕ್ಕಿನ ಚೌಕಟ್ಟಿನ) ಹಳಿಗಳು, ನಳಿಗೆಯ ಕೆಳಭಾಗಕ್ಕೆ ರಾಡ್ ತಾಗುವ ಜಾಗ, ಇಷ್ಟಕ್ಕೆ ತೆಳ್ಳಗೆ ಗ್ರೀಸ್ ಹಚ್ಚಿ. ಎಣ್ಣೆ ಸಾಲದು. ಗ್ಯಾಸ್ ಸಿಲಿಂಡರ್ ಮತ್ತು ಪಿಸ್ಟನ್ ಮಾತ್ರ ಒಣಗಿಯೇ ಇರಬೇಕು.

ಮತ್ತೆ ಜೋಡಿಸುವಾಗ ಒಂದು ಜಾಗದಲ್ಲಿ ನಿಧಾನಿಸಿ. ಆಪರೇಟಿಂಗ್ ರಾಡ್ ಕ್ಯಾಚನ್ನು ಬುಲೆಟ್ ಗೈಡಿನ (ತೋಟಾದ ಮೂತಿಗೆ ದಾರಿ ತೋರುವ ಭಾಗ) ಕಿಂಡಿಯಿಂದ ತೂರಿಸಿ, ಅದರ ಹಿಂದಿನ ತೋಳು ಕ್ಲಿಪ್ ಲ್ಯಾಚಿನ ಮುಂದಿನ ಮೊಳೆಯ ಅಡಿಯಲ್ಲಿ ಕೂರಬೇಕು. ಆ ತೋಳೇ ಕೊನೆಯ ತೋಟಾ ಹಾರಿದ ಮೇಲೆ ಲ್ಯಾಚನ್ನು ಬಿಡಿಸುವುದು. ಅದು ಜಾಗ ತಪ್ಪಿದ್ದರೆ ಖಾಲಿ ಕ್ಲಿಪ್ ಒಳಗೇ ಉಳಿಯುತ್ತದೆ, ಎಡಗಡೆಯ ಲ್ಯಾಚ್ ಒತ್ತಿ ಕೈಯಾರೆ ತೆಗೆಯಬೇಕಾಗುತ್ತದೆ. ಕ್ಲಿಪ್ ಮೊದಲೇ ಚಿಮ್ಮಿ, ಕೊನೆಯ ತೋಟಾವನ್ನೂ ಜೊತೆಗೆ ಎಸೆದರೆ ದೋಷ ಲ್ಯಾಚಿನ ಸವೆತದ್ದು ಅಥವಾ ಅದರ ಪುಟ್ಟ ಸ್ಪ್ರಿಂಗಿನದು. ಏಳನೆಯ ತೋಟಾ ಮಾತ್ರ ಪದೇಪದೇ ಸಿಕ್ಕಿಕೊಂಡರೆ ಬುಲೆಟ್ ಗೈಡ್ ಮತ್ತು ಫಾಲೋವರ್ ಸವೆದಿವೆಯೇ ನೋಡಿ. ಈ ಕಾಯಿಲೆ ಹಳೆಯದು. ಆರಂಭದ ತಯಾರಿಕೆಯಲ್ಲಿ ರಿಸೀವರಿನ ಒಳಗಿನ ಗೈಡ್ ರಿಬ್ಬಿನ ಮುಂತುದಿ ಸ್ವಲ್ಪ ಹೆಚ್ಚು ಕತ್ತರಿಸಿ ಹೋಗಿ ಇದೇ ತೊಂದರೆ ಕಾಡಿತ್ತು.

ಕ್ಲಿಪ್ಪಿನ ರಗಳೆಯೇ ಬೇಡ ಎಂದು ಒಂದೊಂದೇ ತೋಟಾವನ್ನು ಚೇಂಬರಿಗೆ ಹಾಕಿ ಬೋಲ್ಟನ್ನು ರಭಸವಾಗಿ ಬಿಡುವ ಯೋಚನೆಯನ್ನೂ ಬರೆದಿದ್ದೀರಿ. ದಯವಿಟ್ಟು ಮಾಡಬೇಡಿ. ಇದರ ಫೈರಿಂಗ್ ಪಿನ್ನಿಗೆ ಸ್ಪ್ರಿಂಗ್ ಇಲ್ಲ. ಬೋಲ್ಟ್ ಬಡಿದಾಗ ಪಿನ್ ತನ್ನ ವೇಗದಲ್ಲೇ ಮುಂದೆ ಹೋಗಿ ತೋಟಾದ ಬುಡದಲ್ಲಿರುವ, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರನ್ನು ತಟ್ಟುತ್ತದೆ. ಪ್ರೈಮರ್ ಮೃದುವಾಗಿದ್ದರೆ ಅಥವಾ ಮೇಲೆದ್ದು ನಿಂತಿದ್ದರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು. ಕ್ಲಿಪ್ಪಿನಿಂದ ತೋಟಾ ಬಿಡಿಸುವಾಗ ಬೋಲ್ಟಿನ ವೇಗ ತಗ್ಗುತ್ತದೆ, ಒಂಟಿ ತೋಟಾ ಹಾಕಿದರೆ ಆ ತಡೆ ಇರುವುದಿಲ್ಲ. ಒಂದೊಂದೇ ಹೊಡೆಯಬೇಕಿದ್ದರೆ ಅದಕ್ಕೆಂದೇ ಸಿಗುವ ಒಂಟಿ ತೋಟಾದ ಸಾಧನವನ್ನು ಕ್ಲಿಪ್ಪಿನ ಜಾಗದಲ್ಲಿ ಕೂರಿಸಿ, ಗಟ್ಟಿ ಪ್ರೈಮರಿನ ಸೇನಾ ದರ್ಜೆಯ ತೋಟಾ ಬಳಸಿ.