ಬಸುರಿಯ ಮೊಬೈಲಿಗೆ ಆರೋಗ್ಯದ ಸಂದೇಶ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯ ಸಹೋದರಿ,

ಸಿಂಧನೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿಯಾಗಿರುವ ನಿಮ್ಮ ಪತ್ರ ತಲುಪಿದೆ. ಮತದಾನದ ದಿನವನ್ನೂ ಬಿಲ್ಲು ಕಟ್ಟುವ ಕೊನೆಯ ದಿನಾಂಕವನ್ನೂ ಎಸ್‌ಎಂಎಸ್ ಮೂಲಕ ನೆನಪಿಸುವವರಿಗೆ, ಬಸುರಿಯೊಬ್ಬಳ ತಪಾಸಣೆಯ ದಿನವನ್ನೂ ಆಕೆ ಉಣ್ಣಬೇಕಾದ ಆಹಾರವನ್ನೂ ಕನ್ನಡದಲ್ಲಿ ವಾರವಾರ ತಿಳಿಸುವುದು ಏಕೆ ಕಷ್ಟ ಎಂದು ನೀವು ಕೇಳಿದ್ದೀರಿ. ಅಂಥ ಸಂದೇಶಗಳ ಮಾದರಿಯನ್ನು ನಮ್ಮ ಪತ್ರಿಕೆ ಪ್ರಕಟಿಸಬೇಕೆಂದೂ ಸೂಚಿಸಿದ್ದೀರಿ.

ನಿಮ್ಮ ಬೇಡಿಕೆ ನ್ಯಾಯವಾದುದು, ಮತ್ತು ಬೇರೆ ದೇಶಗಳಲ್ಲಿ ಅದು ಕೈಗೂಡಿರುವುದಕ್ಕೆ ಸಾಕ್ಷ್ಯವೂ ಇದೆ. ಆದರೆ ಆ ಸಾಕ್ಷ್ಯವನ್ನು ಪೂರ್ತಿ ಓದಿದರೆ ತಿಳಿಯುವುದೇನೆಂದರೆ, ಸಂದೇಶ ಓದಿದ ಹೆಣ್ಣುಮಗಳು ತಿರುಗಿ ಕೇಳಿದಾಗ ಉತ್ತರಿಸುವವರು ಒಬ್ಬರು ಇದ್ದಲ್ಲಿ ಮಾತ್ರ ಈ ಕೆಲಸ ಫಲ ಕೊಡುತ್ತದೆ.

ಪೂರ್ವ ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ 2009ರಲ್ಲಿ ಆರಂಭವಾದ ಒಂದು ಅಧ್ಯಯನದಲ್ಲಿ 24 ಆರೋಗ್ಯ ಕೇಂದ್ರಗಳ 2,550 ಗರ್ಭಿಣಿಯರು ಭಾಗವಹಿಸಿದ್ದರು. ಅರ್ಧದಷ್ಟು ಕೇಂದ್ರಗಳಿಗೆ ಬರುವವರಿಗೆ ಎಸ್‌ಎಂಎಸ್ ಕಳುಹಿಸಲಾಯಿತು. ಅದರ ಜೊತೆಗೆ, ಆರೋಗ್ಯ ಕಾರ್ಯಕರ್ತರಿಗೆ ತಾವೇ ಕರೆಮಾಡಲು ಅನುಕೂಲವಾಗಲೆಂದು ಆ ಮಹಿಳೆಯರಿಗೆ ಕರೆನ್ಸಿಯ ವೋಚರನ್ನೂ ಕೊಡಲಾಯಿತು. ನಾಲ್ಕು ಅಥವಾ ಹೆಚ್ಚು ಬಾರಿ ತಪಾಸಣೆಗೆ ಬಂದವರು ಸಂದೇಶ ಪಡೆದ ಗುಂಪಿನಲ್ಲಿ ಶೇ. 44, ಪಡೆಯದ ಗುಂಪಿನಲ್ಲಿ ಶೇ. 31. ನುರಿತ ಸಿಬ್ಬಂದಿಯ ಕೈಯಲ್ಲಿ ಹೆರಿಗೆ ಮಾಡಿಸಿಕೊಳ್ಳುವುದು ಮಾತ್ರ ಪಟ್ಟಣದ ಮಹಿಳೆಯರಲ್ಲಿ ಹೆಚ್ಚಿತೇ ಹೊರತು ಹಳ್ಳಿಯವರಲ್ಲಿ ಹೆಚ್ಚಲಿಲ್ಲ. ನಡುರಾತ್ರಿ ಹೆರಿಗೆ ನೋವು ಬಂದಾಗ ಆಸ್ಪತ್ರೆ ದೂರವಿದ್ದು ವಾಹನವೂ ಸಿಗದಿದ್ದರೆ, ಮೊಬೈಲಿನಲ್ಲಿರುವ ಒಳ್ಳೆಯ ಸಲಹೆಯಿಂದ ಆಗುವುದು ಅಲ್ಪ ಎಂದೇ ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ದಕ್ಷಿಣ ಆಫ್ರಿಕಾ ಈ ಕೆಲಸವನ್ನು ಇಡೀ ದೇಶದ ಮಟ್ಟದಲ್ಲಿ ಮಾಡಿತು. ಅಲ್ಲಿನ ಆರೋಗ್ಯ ಇಲಾಖೆ 2014ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಮಾಮ್‌ಕನೆಕ್ಟ್’ ಯೋಜನೆಯಲ್ಲಿ, ಗರ್ಭಿಣಿಯ ಹೆಸರು ಕ್ಲಿನಿಕ್ಕಿನಲ್ಲಿಯೇ ನೋಂದಣಿಯಾಗುತ್ತದೆ; ಬಸಿರಿನ ತಿಂಗಳಿಗೂ ಬಳಿಕ ಮಗುವಿನ ವಯಸ್ಸಿಗೂ ಹೊಂದುವ ಸಂದೇಶಗಳು ದೇಶದಲ್ಲಿ ಆಗ ಇದ್ದ 11 ಅಧಿಕೃತ ಭಾಷೆಗಳಲ್ಲಿ ಆಕೆ ಆರಿಸಿಕೊಂಡ ಭಾಷೆಯಲ್ಲಿ ಉಚಿತವಾಗಿ ಬರುವಂತೆ ಅದನ್ನು ರೂಪಿಸಲಾಯಿತು. ಕೆಲವೇ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಹಿಳೆಯರು ಸೇರಿಕೊಂಡರು. ನನಗೆ ಬಹಳ ಮುಖ್ಯವೆನಿಸುವುದು ಆ ಯೋಜನೆಯ ಸಹಾಯ ಕೇಂದ್ರ. ಮಹಿಳೆಯರು ಅಲ್ಲಿಗೆ ತಮ್ಮ ಸಂಶಯಗಳನ್ನು ಬರೆಯಬಹುದು. ಕ್ಲಿನಿಕ್ಕಿನಲ್ಲಿ ಔಷಧ ಸಿಗಲಿಲ್ಲ, ದಾದಿ ಗದರಿಸಿದಳು ಎಂಬ ದೂರುಗಳನ್ನೂ, ಚೆನ್ನಾಗಿ ನೋಡಿಕೊಂಡರು ಎಂಬ ಮೆಚ್ಚುಗೆಯನ್ನೂ ಕಳುಹಿಸಬಹುದು. ತಾಯಂದಿರಿಗೆ ಬುದ್ಧಿ ಹೇಳಲೆಂದು ಹೊರಟ ವ್ಯವಸ್ಥೆಗೆ ತಾಯಂದಿರ ಮಾತನ್ನು ಕೇಳುವ ಕಿವಿಯೂ ಇತ್ತು.

ನಮ್ಮ ದೇಶದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು 2016ರ ಜನವರಿಯಲ್ಲಿ ಆರಂಭಿಸಿದ ‘ಕಿಲ್ಕಾರಿ’ ಬರಹದ ಬದಲು ಧ್ವನಿಯನ್ನು ಆರಿಸಿಕೊಂಡಿದೆ. ಬಸಿರಿನ ನಾಲ್ಕನೆಯ ತಿಂಗಳಿನಿಂದ ಮಗುವಿಗೆ ಒಂದು ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಧ್ವನಿಮುದ್ರಿತ ಕರೆಗಳು ಇದರಲ್ಲಿ ಬರುತ್ತವೆ. ಓದಲು ಬಾರದವರ ದೃಷ್ಟಿಯಿಂದ ಈ ಆಯ್ಕೆ ಸರಿಯಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ಶೇ. 54, ಅವರಲ್ಲಿಯೂ ಎಸ್‌ಎಂಎಸ್ ಓದಬಲ್ಲವರು ಶೇ. 71. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ, ನೀವು ಹೇಳುವ ಸಂದೇಶವನ್ನು ತನ್ನ ಕೈಯಲ್ಲಿ ಹಿಡಿದು ತಾನೇ ಓದಬಲ್ಲವಳು ಹತ್ತರಲ್ಲಿ ನಾಲ್ವರಿಗಿಂತ ಕಡಿಮೆ. ಆದರೆ ಧ್ವನಿಯೊಂದರಿಂದಲೇ ಎಲ್ಲವೂ ಸಾಧ್ಯವಾಗಿಲ್ಲ. ಮಧ್ಯಪ್ರದೇಶದಲ್ಲಿ ಕಿಲ್ಕಾರಿಯನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನದಲ್ಲಿ ಗರ್ಭನಿರೋಧಕಗಳ ಬಳಕೆ ಸ್ವಲ್ಪ ಹೆಚ್ಚಿದ್ದು ಕಂಡುಬಂದಿತೇ ವಿನಾ, ಮೊದಲ ಆರು ತಿಂಗಳು ಎದೆಹಾಲನ್ನಷ್ಟೇ ಕುಡಿಸುವ ಅಭ್ಯಾಸದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಊರುಗಳ ಮಟ್ಟಿಗೆ ಇನ್ನೂ ಒಂದು ತೊಡಕಿದೆ. ತಾಯಿ ಕಾರ್ಡ್ ಮಾಡಿಸುವಾಗ ಬರೆಸುವ ನಂಬರು ಎಷ್ಟೋ ಸಲ ಗಂಡನದು. ಚೊಚ್ಚಲ ಬಸುರಿ ಏಳನೆಯ ತಿಂಗಳಿಗೋ ಎಂಟನೆಯ ತಿಂಗಳಿಗೋ ತವರಿಗೆ ಹೋಗುತ್ತಾಳೆ. ಸಂದೇಶ ಗಂಡನ ಊರಿನಲ್ಲಿ, ಅವನ ಜೇಬಿನಲ್ಲಿ ಉಳಿಯುತ್ತದೆ. ಅವಳಿಗೆ ಅದು ಅತಿ ಅಗತ್ಯವಾದ ಕೊನೆಯ ವಾರಗಳಲ್ಲಿಯೇ ಹೀಗಾಗುತ್ತದೆ. ಆದ್ದರಿಂದ ನೋಂದಣಿಯ ವೇಳೆ ತವರಿನ ನಂಬರನ್ನೂ ಕೇಳಿ ಬರೆದುಕೊಳ್ಳಬೇಕು, ಮತ್ತು ಆ ಊರಿನ ಆಶಾ ಕಾರ್ಯಕರ್ತೆಗೂ ವಿಷಯ ತಲುಪಬೇಕು.

ಬರಹದ ವಿಚಾರಕ್ಕೆ ಬಂದರೆ, ಇಂಗ್ಲಿಷ್ ಅಕ್ಷರಗಳ ಒಂದು ಎಸ್‌ಎಂಎಸ್‌ನಲ್ಲಿ 160 ಸಂಕೇತಗಳಿಗೆ ಜಾಗವಿದ್ದರೆ ಕನ್ನಡದ್ದರಲ್ಲಿ ಇರುವುದು 70ಕ್ಕೆ ಮಾತ್ರ. ಗುಣಿತ, ಒತ್ತಕ್ಷರಗಳೂ ಅದರಲ್ಲಿ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಉದ್ದವಾಗಿ ಬರೆದರೆ ಒಂದು ಸಂದೇಶಕ್ಕೆ ಎರಡು ಮೂರರ ವೆಚ್ಚ ತಗಲುತ್ತದೆ. ಹಾಗಾಗಿ ಒಂದು ಸಂದೇಶದಲ್ಲಿ ಒಂದೇ ಸಂಗತಿ ಇರಬೇಕು, ಅದೂ ಬಸುರಿಯನ್ನು ನಿಜವಾಗಿ ಕಾಡುವ ಸಂಗತಿಯಾಗಿರಬೇಕು. ‘ಪೌಷ್ಟಿಕ ಆಹಾರ ಸೇವಿಸಿ’ ಎಂಬ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ. ಕಬ್ಬಿಣಾಂಶದ ಮಾತ್ರೆಯನ್ನೇ ನೋಡಿ: ದಿನಕ್ಕೊಂದರಂತೆ 180 ದಿನ ನುಂಗಬೇಕೆಂದು ಎಲ್ಲರೂ ಹೇಳುತ್ತಾರೆ, ಆದರೆ ಮಲ ಕಪ್ಪಾಗಿದ್ದನ್ನು ಕಂಡು ಹೆದರಿ, ಅಥವಾ ಕೂಸು ಕಪ್ಪಾಗುತ್ತದೆ, ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತು ಕೇಳಿ ಬಿಟ್ಟುಬಿಡುವವರು ಇದ್ದಾರೆ. ಮಲ ಕಪ್ಪಾಗುವುದು ಸಹಜ, ಹೆದರಬೇಡಿ; ಮಾತ್ರೆಯನ್ನು ಚಹಾದೊಂದಿಗೆ ನುಂಗಬೇಡಿ; ಹೊಟ್ಟೆ ತೊಳಸಿದರೆ ಊಟದ ನಂತರ ನುಂಗಿ, ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ: ಇಂಥ ಮಾತು ಮಾತ್ರೆ ಕೊಟ್ಟ ಮೊದಲ ವಾರದಲ್ಲಿಯೇ ತಲುಪಬೇಕು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು, ರಕ್ತಸ್ರಾವ, ಕೂಸಿನ ಅಲುಗಾಟ ಕಡಿಮೆಯಾಗುವುದು – ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಮನೆಯವರಿಗೂ ತಿಳಿಸಬೇಕು, ಏಕೆಂದರೆ ಹೊರಡುವ ತೀರ್ಮಾನ ಅನೇಕ ಮನೆಗಳಲ್ಲಿ ಅತ್ತೆಯದು, ಗಂಡನದು.

ಮತ್ತೊಂದು ವಿಷಯವನ್ನು ಹೇಳದೆ ಇರಲಾರೆ. ಗರ್ಭಪಾತವಾದ ಅಥವಾ ಹುಟ್ಟಿದ ಕೂಸನ್ನು ಕಳೆದುಕೊಂಡ ತಾಯಿಗೆ ‘ನಿಮ್ಮ ಮಗುವಿಗೆ ಈಗ ಆರು ವಾರ’ ಎಂಬ ಸಂದೇಶ ಹೋದರೆ, ಅದಕ್ಕಿಂತ ಕ್ರೂರವಾದುದು ಇಲ್ಲ. ದಕ್ಷಿಣ ಆಫ್ರಿಕಾದ ಯೋಜನೆಯಲ್ಲಿ ಇಂಥ ಸಂದರ್ಭದಲ್ಲಿ ಸಂದೇಶಗಳನ್ನು ನಿಲ್ಲಿಸಲೂ, ಬದಲಿಗೆ ಸಾಂತ್ವನದ ಸಂದೇಶಗಳನ್ನು ಪಡೆಯಲೂ ದಾರಿಯಿದೆ. ನಮ್ಮಲ್ಲಿ ಯಾರೇ ಇಂಥ ಕೆಲಸಕ್ಕೆ ಕೈಹಾಕಲಿ, ಈ ಏರ್ಪಾಡು ಮೊದಲ ದಿನದಿಂದಲೇ ಇರಬೇಕು.

ಮಾದರಿ ಸಂದೇಶಗಳನ್ನು ಪ್ರಕಟಿಸಬೇಕೆಂಬ ನಿಮ್ಮ ಸಲಹೆಯನ್ನು ಒಪ್ಪುತ್ತೇನೆ, ಆದರೆ ಅವನ್ನು ಇಲ್ಲಿ ಕುಳಿತು ನಾವೇ ಬರೆಯಲು ನನಗೆ ಮನಸ್ಸಿಲ್ಲ. ನಿಮ್ಮ ಶಾಲೆಗೆ ಬರುವ ತಾಯಂದಿರನ್ನೂ ನಿಮ್ಮ ಊರಿನ ಆಶಾ ಕಾರ್ಯಕರ್ತೆಯರನ್ನೂ ವಿಚಾರಿಸಿ, ಬಸುರಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಬರೆದು ಕಳುಹಿಸಿ. ಅವುಗಳಿಗೆ ಪ್ರಸೂತಿ ತಜ್ಞರಿಂದ ಉತ್ತರ ಪಡೆದು, ಒಂದು ಎಸ್‌ಎಂಎಸ್‌ನ ಅಳತೆಗೆ ಹೊಂದಿಸಿ, ನಿಮ್ಮ ಭಾಗದ ಆಡುಮಾತಿನಲ್ಲಿಯೇ ಅಚ್ಚು ಹಾಕುತ್ತೇವೆ.

– ಸಂಪಾದಕ